ನಲವತ್ತೇಳನೆಯ ಹರಳು

ಕುಲುಮೆಯಲ್ಲಿ ಇಪ್ಪತ್ತೆರಡು ದಿನ ಕೂತು ಬಂದದ್ದು.
ತವರ, ಟೆಲ್ಲೂರಿಯಂ, ಚಿಟಿಕೆ ಇಂಡಿಯಂ.
ಪೀಪಾಯಿಯಲ್ಲಿ ಎಲೆಕೋಸು ಹುಳಿ ಹಾಕುವವಳ ಹದ
ಬೊಗುಮೀಲಾಳ ಕೈಗೆ. ತೂಕದ ಯಂತ್ರಕ್ಕಿಂತ ಮೊದಲು
ಅವಳ ಮೂಗಿಗೆ ತಿಳಿಯುತ್ತದೆ.

ವಾರ್ಸಾದಲ್ಲಿ ಫೆಬ್ರವರಿ. ವಿಸ್ತುಲಾ ನದಿಯ ಮೇಲೆ
ಒಡೆದ ಮಂಜುಗಡ್ಡೆಗಳು ಭುಜಕ್ಕೆ ಭುಜ ತಾಗಿಸಿ ಸಾಗುತ್ತಿವೆ.
ನೆಲಮಾಳಿಗೆಯ ಯಂತ್ರದೊಳಗೆ ಅದಕ್ಕಿಂತ ಚಳಿ,
ಎಷ್ಟೆಂದರೆ, ಆಕಾಶದ ಅತಿ ದೂರದ ಕತ್ತಲೂ
ಅದರ ಪಕ್ಕ ಕೂತರೆ ಬೆಚ್ಚಗೆನಿಸೀತು.
ಅಲ್ಲಿ, ಚಿನ್ನದ ಲೇಪದ ತಟ್ಟೆಗಳ ಕೆಳಗೆ
ಸಾಸಿವೆಗಿಂತ ತುಸು ದೊಡ್ಡದಾದ ನಲವತ್ತೇಳು ತೂಗುತ್ತಿದೆ.

ಹುಡುಕುತ್ತಿರುವುದು ಒಂದು ಅರ್ಧವನ್ನು.
ಎಲೆಕ್ಟ್ರಾನನ್ನು ಸೀಳಿ ತೆಗೆದದ್ದಲ್ಲ, ಅದನ್ನು ಯಾರೂ ಸೀಳಲಾರರು;
ಇದು ತಾನೇ ತನ್ನ ಎದುರಾಳಿಯಾದದ್ದು,
ಇರುವುದೂ ಇಲ್ಲದ್ದೂ ಸಮಪಾಲಿನಲ್ಲಿ ಬೆರೆತು
ಸಾಲವಿಲ್ಲದೆ, ಉಳಿತಾಯವಿಲ್ಲದೆ, ಸೊನ್ನೆಯ ಮೇಲೆ ನಿಂತದ್ದು.
ಹೆಸರು ಮಯೋರಾನಾ.
ಹರಳಿನ ಅಂಚಿಗೆ ಬಂದು ಕೂರುತ್ತದೆ, ಒಳಗೆ ಬಾ ಎಂದರೆ ಬಾರದು.

ತೊಡಕು ಇಷ್ಟೇ: ಒಂದೇ ಅಂಚಿಗೆ ಎರಡು ಬಂದರೆ
ಎರಡೂ ಕೂಡಿ ಮಾಮೂಲಿ ಸಂಸಾರವಾಗಿ
ಸೊನ್ನೆಯಿಂದ ಸರಿದುಬಿಡುತ್ತವೆ,
ನಡುವೆ ಯಾರಾದರೂ ಬೇಡವೆನ್ನದಿದ್ದರೆ.

ಇದನ್ನು ಹೊಸ ಹುಡುಗ ಕ್ಸಾವೆರಿಗೆ
ಸಮೀಕರಣ ಬರೆಯದೆ ಹೇಳಿದ್ದಳು:
"ಎಂಬತ್ತಮೂರರಲ್ಲಿ ನನಗೂ ಲುಬೋಮಿರನಿಗೂ ವಿಚ್ಛೇದನವಾಯಿತು.
ಆಗ ಬೇರೆ ಮನೆಗೆ ಅರ್ಜಿ ಹಾಕಿದರೆ ಹದಿನೈದು ವರ್ಷದ ಸರದಿ.
ಹಾಗಾಗಿ ಅದೇ ಕೋಣೆ, ನಡುವೆ ನನ್ನಜ್ಜಿಯ ಬೀರು,
ಆಚೆ ಅವನು, ಈಚೆ ನಾನು. ಎರಡು ಕೆಟಲು, ಒಂದೇ ಒಲೆ.
ಅವನು ಎಡಚ, ನಾನು ಬಲಗೈಯವಳು,
ಒಲೆಯ ಮುಂದೆ ಒಟ್ಟಿಗೆ ನಿಂತರೂ ಮೊಣಕೈ ತಾಗುತ್ತಿರಲಿಲ್ಲ.
ಒಂಬತ್ತು ವರ್ಷ ಜಗಳವಿಲ್ಲ, ರಾಜಿಯೂ ಇಲ್ಲ.
ಒಮ್ಮೆ ಗೋಡೆಗೆ ಬಣ್ಣ ಬಳಿಯಲು
ಬೀರುವನ್ನು ಗೇಣುದ್ದ ಓರೆಗೆ ಸರಿಸಿದೆವು ನೋಡು,
ಅಂದೇ ರಾತ್ರಿ ತಟ್ಟೆ ಒಡೆಯಿತು."

ಹರಳಿನೊಳಗೂ ಅಂಥದೊಂದು ಬೀರು ಇದೆ,
ಪರಮಾಣುಗಳ ಸಾಲಿನ ನಡುವೆ ಹಾದ ಕನ್ನಡಿ.
ಅದು ನೆಟ್ಟಗಿರುವವರೆಗೆ
ಎರಡು ಸೊನ್ನೆಗಳು ಒಂದೇ ಮೂಲೆಯಲ್ಲಿ ಬಾಳುತ್ತವೆ.

ನಸುಕಿನ ಮೂರೂಕಾಲಿಗೆ ಫೋನು.
"ಬಂತು, ಬಂತು! ಸರಿಯಾಗಿ ಸೊನ್ನೆಯ ಮೇಲೆ,
ಇಗರ್ಜಿಯ ಗೋಪುರದ ಹಾಗೆ!"
ಹುಡುಗನ ದನಿಯಲ್ಲಿ ಆಗಲೇ ಪ್ರಬಂಧದ ಮೊದಲ ಸಾಲು.
ಅವಳು ಕೇಳಿದ್ದು ಒಂದೇ:
"ಕಾಂತಕ್ಷೇತ್ರವನ್ನು ಓರೆ ಮಾಡಿ ನೋಡಿದೆಯಾ?"

ಓರೆ ಮಾಡಿದರೆ ಕನ್ನಡಿ ಮುರಿಯಬೇಕು,
ಮುರಿದರೆ ಗೋಪುರ ಎರಡಾಗಿ ಅತ್ತಿತ್ತ ಸರಿಯಬೇಕು.
ನಿಜವಾದದ್ದಕ್ಕೆ ಅದೇ ಗುರುತು:
ಅದನ್ನು ಕೆಡಿಸಲು ಬರುತ್ತದೆ.

ಫೋನು ಇಡದೆ ಕಾದಳು. ಆ ತುದಿಯಲ್ಲಿ ಪಂಪಿನ ಉಸಿರು.
ಒಂದು ಡಿಗ್ರಿ. ಮೂರು. ಏಳು.
ಗೋಪುರ ಅಲುಗಲಿಲ್ಲ,
ಎಷ್ಟು ತಿರುಚಿ ಕೇಳಿದರೂ
ಅದೇ ಬಾಯಿಪಾಠ ಒಪ್ಪಿಸುವ ಸಾಕ್ಷಿಯ ಹಾಗೆ.
ಎಲ್ಲೋ ಒಂದು ಕೊಳೆ, ದಾರಿ ತಪ್ಪಿದ ಒಂದು ಪರಮಾಣು
ಸೊನ್ನೆಯ ವೇಷ ಹಾಕಿ ಕೂತಿತ್ತು.

ಕನ್ನಡಿಯೊಳಗಿನ ಗಂಟು ಎನ್ನುತ್ತೇವೆ ನಾವು, ಕೈಗೆ ಸಿಗದ್ದಕ್ಕೆ.
ಇಲ್ಲಿ ಗಂಟು ಕೈಯಲ್ಲೇ ಇತ್ತು.
ಇಲ್ಲದ್ದು ಕನ್ನಡಿ.

ಬೆಳಿಗ್ಗೆ ಸೂಕ್ಷ್ಮದರ್ಶಕದಡಿ ಅವಳೇ ಕಂಡಳು:
ಹರಳು ಸೀಳುವಾಗ ಅಲಗು ಕೂದಲೆಳೆಯಷ್ಟು ಜಾರಿದ ಗೆರೆ.
ಜಾರಿದ್ದು ನನ್ನ ಕೈ, ಎಂದಳು.
ಕ್ಸಾವೆರಿ ಆ ಕೈಯನ್ನೇ ನೋಡಿದ, ಏನೂ ಅನ್ನಲಿಲ್ಲ.
ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ನಲವತ್ತೇಳನ್ನು ಮಲಗಿಸಿ
ಮೇಲೆ ಪೆನ್ಸಿಲಿನಲ್ಲಿ ಬರೆದಳು: ಚಂದ. ಸುಳ್ಳು.
ಕುಲುಮೆಯಲ್ಲಿ ನಲವತ್ತೆಂಟಕ್ಕೆ ಅಂದು ಒಂಬತ್ತನೆಯ ದಿನ.

ಮನೆಗೆ ಹೋಗುವ ಟ್ರಾಮಿನ ಗಾಜಿನಲ್ಲಿ ಅವಳ ಮುಖ,
ಅದೇ ಜಾಗದಲ್ಲಿ ಬೀದಿಯ ಬ್ರೆಡ್ಡಿನಂಗಡಿಯ ದೀಪ,
ಒಂದರೊಳಗೊಂದು, ಬೆರೆಯದೆ.

ಲುಬೋಮಿರ ಸತ್ತು ಆರು ವರ್ಷವಾಯಿತು.
ಬೀರು ಇನ್ನೂ ಕೋಣೆಯ ನಡುವೆಯೇ ಇದೆ.
ಗೋಡೆಗೆ ಸರಿಸಬಾರದೇ ಎಂದವರಿಗೆ
ಭಾರ, ಎನ್ನುತ್ತಾಳೆ.